ಮುಂಭಾಗದ ಯುಎಸ್‌ಬಿ ಕನೆಕ್ಟರ್: ಪ್ರತಿಕ್ರಿಯೆ

ಕುಂಬಳೆಯ ಮಿತ್ರರೇ, ಹೊಸ ಕಂಪ್ಯೂಟರ್ ಕ್ಯಾಬಿನೆಟ್‌ನ (ಹೊರಪೆಟ್ಟಿಗೆಯ) ದಪ್ಪ ನೀಲಿ ಕನೆಕ್ಟರ್ ನಿಮ್ಮ ಹಳೆಯ ಮದರ್‌ಬೋರ್ಡಿನ ಸಣ್ಣ ಪಿನ್ನುಗಳಿಗೆ ಕೂರುತ್ತಿಲ್ಲ, ತಂತಿ ಕತ್ತರಿಸಿ ಜೋಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕತ್ತರಿಸಬೇಡಿ.

ನೀಲಿ ಕನೆಕ್ಟರ್ ಯುಎಸ್‌ಬಿ 3.0ಕ್ಕೆ ಸೇರಿದ್ದು, ಅದಕ್ಕೆ 19 ಪಿನ್ನುಗಳ ಹೆಡರ್ (ಬೋರ್ಡಿನ ಮೇಲೆ ಕನೆಕ್ಟರ್ ಕೂರುವ ಪಿನ್ನುಗಳ ಗುಂಪು) ಬೇಕು. ನಿಮ್ಮ ಬೋರ್ಡಿನಲ್ಲಿರುವುದು, ಐದೈದರ ಎರಡು ಸಾಲಿನಲ್ಲಿ ಒಂದು ಮೂಲೆ ಖಾಲಿಯಿರುವ, 9 ಪಿನ್ನುಗಳ ಯುಎಸ್‌ಬಿ 2.0 ಹೆಡರ್ ಎಂದು ತೋರುತ್ತದೆ. ಇವೆರಡನ್ನು ಬೆಸೆಯುವ ಚಿಕ್ಕ ಅಡಾಪ್ಟರ್ ಕೇಬಲ್ ಅಗ್ಗವಾಗಿ ಸಿಗುತ್ತದೆ. ಕ್ಯಾಬಿನೆಟ್ ಮುಂಭಾಗದ ಎರಡೂ ಯುಎಸ್‌ಬಿ ಪೋರ್ಟುಗಳು ಕೆಲಸ ಮಾಡುತ್ತವೆ, ಆದರೆ ವೇಗ ಸೆಕೆಂಡಿಗೆ 5 ಗಿಗಾಬಿಟ್‌ನ ಬದಲು 480 ಮೆಗಾಬಿಟ್‌ಗೆ ಇಳಿಯುತ್ತದೆ. ಪೂರ್ಣ ವೇಗವೇ ಬೇಕೆಂದಾದರೆ, ಬೋರ್ಡಿನಲ್ಲಿ ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ (ಹೆಚ್ಚುವರಿ ಕಾರ್ಡ್ ಕೂರಿಸುವ ಜಾಗ) ಇದ್ದಲ್ಲಿ, 19 ಪಿನ್ ಹೆಡರ್ ಇರುವ ಕಾರ್ಡ್ ಹಾಕಿಸಿಕೊಳ್ಳಿ.

ಜೋಡಿಸುವ ಮುನ್ನ ಬೋರ್ಡಿನ ಮೇಲಿನ ಬರಹವನ್ನು ಟಾರ್ಚ್ ಹಿಡಿದು ಓದಿ. ಹಳೆಯ ಕೆಲವು ಬೋರ್ಡುಗಳಲ್ಲಿ ಫೈರ್‌ವೈರ್ (ಸಾಧನಗಳನ್ನು ಜೋಡಿಸುವ ಇನ್ನೊಂದು ಹಳೆಯ ವ್ಯವಸ್ಥೆ) ಹೆಡರ್ ಕೂಡ ಇದೇ ಆಕಾರದಲ್ಲಿರುತ್ತದೆ. ಅದರಲ್ಲಿ 12 ವೋಲ್ಟ್ ಇರುವುದರಿಂದ, 5 ವೋಲ್ಟಿನ ಯುಎಸ್‌ಬಿ ಸಾಧನ ಸುಟ್ಟುಹೋಗಬಹುದು. ಫೈರ್‌ವೈರ್‌ನ ಗುರುತಾದ ‘1394’ ಎಂದು ಬರೆದಿದ್ದರೆ ಅದನ್ನು ಮುಟ್ಟಲೇಬೇಡಿ.

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನನ್ನ ಮನೆಯಲ್ಲಿ 19 ಪಿನ್ನಿನ ಕನೆಕ್ಟರನ್ನು ಓರೆಯಾಗಿ ಎಳೆದು ಎರಡು ಪಿನ್ನುಗಳು ಬಾಗಿದ್ದವು. ಸೂಜಿಮೊನೆಯಿಂದ ಅವನ್ನು ನೆಟ್ಟಗಾಗಿಸಲು ಒಂದು ಸಂಜೆಯೇ ಹಿಡಿಯಿತು. ಆದ್ದರಿಂದ ವಿದ್ಯುತ್ ಸಂಪರ್ಕ ತೆಗೆದು, ನೇರವಾಗಿ, ಒತ್ತಾಯವಿಲ್ಲದೆ ಕೂರಿಸಿ.