ಅಟ್ಟದಲ್ಲಿ ಸಿಕ್ಕ ಹಳೇ ಸ್ಕ್ರೂಡ್ರೈವರ್‌ಗಳ ಕಾಲ, ಕುಲ ಗುರುತಿಸುವುದು ಹೇಗೆ?

ನಿಮ್ಮ ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹಳೇ ಮನೆಯ ಅಟ್ಟದಲ್ಲಿ ಹನ್ನೆರಡು ಸ್ಕ್ರೂಡ್ರೈವರ್ ಸಿಕ್ಕಿವೆ, ಎರಡರ ಮೇಲಷ್ಟೇ ಹೆಸರು ಕಾಣುತ್ತದೆ, ತುಕ್ಕು ಬಿಡಿಸಲು ಯಾವುದರಲ್ಲಿ ನೆನೆಹಾಕಬೇಕು, ಎಷ್ಟು ಹಳೆಯವು ಅಂತ ತಿಳಿಯುವುದು ಹೇಗೆ?

ಸದ್ಯಕ್ಕೆ ಯಾವುದರಲ್ಲೂ ನೆನೆಹಾಕಬೇಡಿ. ಹಳೇ ಸ್ಕ್ರೂಡ್ರೈವರಿನ ವಿಳಾಸ ಇರುವುದೇ ಕೊಳೆಯ ಅಡಿಯಲ್ಲಿ. ಕಂಬಿಯ, ಅಂದರೆ ಹಿಡಿಯಿಂದ ತುದಿಯವರೆಗಿನ ಉಕ್ಕಿನ ಭಾಗದ ಮೇಲೆ ಒತ್ತಿದ ಅಚ್ಚು ಬಹಳ ತೆಳು. ಡ್ರಿಲ್ಲಿಗೆ ತಂತಿ ಬ್ರಶ್ ಹಾಕಿ ಒಂದು ನಿಮಿಷ ತಿರುಗಿಸಿದರೆ ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ, ಆಮೇಲೆ ಯಾರಿಂದಲೂ ಓದಲಾಗದು.

ಇನ್ನೊಂದು ವಿಷಯ. ಅಟ್ಟ ಅಡುಗೆಮನೆಯ ಒಲೆಯ ಮೇಲಿದ್ದರೆ ಕಪ್ಪಗೆ ಕಾಣುವುದೆಲ್ಲ ತುಕ್ಕಲ್ಲ. ಎಷ್ಟೋ ಮಳೆಗಾಲದ ಹೊಗೆ, ಇಲ್ಲಣ, ಜಿಡ್ಡು ಸೇರಿ ಕಟ್ಟಿದ ಪದರ ಅದು. ನಮ್ಮ ಮಳೆಯಲ್ಲಿ ಕಬ್ಬಿಣವನ್ನು ಉಳಿಸಿದ್ದೂ ಅದೇ. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ, ಮೇಲ್ಮೈಯನ್ನು ಮೆತ್ತಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಆಗಲೂ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಹುಡುಕಬೇಕಾದ ಜಾಗ ನಾಲ್ಕು: ಹಿಡಿಯ ಬುಡಕ್ಕೆ ಹತ್ತಿರದ ಕಂಬಿ, ಅಲ್ಲಿಯೇ ಇರುವ ಚಪ್ಪಟೆ ಭಾಗ, ಹಿಡಿಯ ಬಾಯಿಗೆ ಬಿಗಿದ ಹಿತ್ತಾಳೆ ಅಥವಾ ಉಕ್ಕಿನ ಬಳೆ, ಹಿಡಿಯ ತಲೆ.

ಹೆಸರೇ ಇಲ್ಲದ ಹತ್ತನ್ನು ಏನು ಮಾಡುವುದು? ಹೆಸರಿಗಿಂತ ಮೊದಲು ಕಂಬಿ ಹಿಡಿಯೊಳಗೆ ಹೇಗೆ ಕೂತಿದೆ ಅಂತ ನೋಡಿ. ನನ್ನ ಪ್ರಕಾರ ಇದಕ್ಕಿಂತ ನಂಬಿಕಸ್ತ ಸಾಕ್ಷಿ ಇಲ್ಲ, ಯಾಕೆಂದರೆ ತುದಿಯನ್ನು ಅರ ಹಾಕಿ ಬದಲಿಸಬಹುದು, ಕೂಡಿಸಿದ ರೀತಿಯನ್ನು ಬದಲಿಸುವುದು ಕಷ್ಟ.

ಚಪ್ಪಟೆ, ಅಗಲ ಕಂಬಿ, ನಡು ಸಣ್ಣಗಾಗಿ ಮತ್ತೆ ಅಗಲವಾಗಿದ್ದು, ಮರದ ಹಿಡಿಯ ಎರಡು ಬದಿ ಚಪ್ಪಟೆಯಾಗಿದ್ದರೆ ಅದು ಇಂಗ್ಲೆಂಡಿನ ಲಂಡನ್ ಪ್ಯಾಟರ್ನ್. ಮೊಟ್ಟೆಯಾಕಾರದ ಹಿಡಿ, ಮೇಲೆ ದುಂಡಗಿನ ಕಂಬಿ ಇದ್ದರೆ ಕ್ಯಾಬಿನೆಟ್ ಪ್ಯಾಟರ್ನ್. ಎರಡರಲ್ಲೂ ಬಳೆಯ ಬಾಯಲ್ಲಿ ಸೀಳು ಇದೆಯೇ, ಕಂಬಿಯ ಚಪ್ಪಟೆ ಕಿವಿಗಳು ಆ ಸೀಳಿನಲ್ಲಿ ಕೂತಿವೆಯೇ ಅಂತ ನೋಡಿ. ಒತ್ತಿ ತಿರುಗಿಸಿದಾಗ ಕಂಬಿ ಹಿಡಿಯೊಳಗೆ ಸುತ್ತದಂತೆ ತಡೆಯುವುದು ಆ ಕಿವಿಯೇ. ಮರ ಒಣಗಿ ಬಳೆ ಸಡಿಲಾದ ಮೇಲೆ ಕಿವಿ ಸೀಳಿನಿಂದ ಹೊರಬಂದಿದ್ದರೆ ಅದು ಕೆಲಸಕ್ಕೆ ಬಾರದು, ಬರೀ ಪ್ರದರ್ಶನಕ್ಕೆ ಇಡಬಹುದು.

ಹಿಡಿಯ ತಲೆಯಲ್ಲಿ ಉಕ್ಕಿನ ಟೋಪಿ ಇದ್ದು, ಕಂಬಿಯ ಉಕ್ಕು ಹಿಡಿಯ ಉದ್ದಕ್ಕೂ ಹಾದು ಅಲ್ಲಿಗೆ ಸೇರಿದ್ದರೆ ಅಮೆರಿಕದ ಹರ್ವುಡ್ ಮಾದರಿ. ಸುತ್ತಿಗೆ ಏಟು ಮರಕ್ಕೆ ಬೀಳದೆ ಉಕ್ಕಿಗೆ ಬೀಳಲಿ ಅನ್ನುವ ಲೆಕ್ಕ. ಅಲ್ಲಿನ ಉಪಕರಣ ಕಂಪನಿ ಸ್ಟಾನ್ಲಿಯ ಹೆಸರಿನ ಪಕ್ಕ ಹರ್ವುಡ್ ಹೆಸರೂ ಇರುವುದುಂಟು. ಇಡೀ ಸ್ಕ್ರೂಡ್ರೈವರ್ ಒಂದೇ ಉಕ್ಕಿನ ತುಂಡಾಗಿದ್ದು ಎರಡು ಬದಿಗೆ ಮರದ ಪಟ್ಟಿ ಕೂರಿಸಿ ರಿವೆಟ್ ಹೊಡೆದಿದ್ದರೆ ಅದು ಪರ್ಫೆಕ್ಟ್ ಹ್ಯಾಂಡಲ್. ಅಮೆರಿಕದ ಕನೆಕ್ಟಿಕಟ್‌ನ ಎಚ್.ಡಿ. ಸ್ಮಿತ್ ಕಂಪನಿಯದು ಹೆಸರುವಾಸಿ. ಆದರೆ ಜರ್ಮನಿಯ ನಕಲು ಬಹಳ, ಈಗಲೂ ಹೊಸದಾಗಿ ಬರುತ್ತವೆ. ರಿವೆಟ್ ಕಂಡ ಮಾತ್ರಕ್ಕೆ ನೂರು ವರ್ಷದ್ದು ಅನ್ನಬೇಡಿ.

ಒತ್ತಿದರೆ ತಾನೇ ತಿರುಗುವ, ಸುರುಳಿ ಗೆರೆಯ ಕಂಬಿ ಇರುವುದು ಯಾಂಕಿ. ಫಿಲಡೆಲ್ಫಿಯಾದ ನಾರ್ತ್ ಬ್ರದರ್ಸ್ ಮಾಡುತ್ತಿತ್ತು, 1946ರಲ್ಲಿ ಸ್ಟಾನ್ಲಿ ಕೊಂಡುಕೊಂಡಿತು. ಎರಡೂ ಹೆಸರು ಒಟ್ಟಿಗಿದ್ದರೆ ಆಮೇಲಿನದು. ಅದರ ಬೀಗ ತಿರುಗಿಸುವಾಗ ತುದಿ ಮುಖದ ಕಡೆ ಇರಬಾರದು, ಒಳಗಿನ ಸ್ಪ್ರಿಂಗ್ ಕಂಬಿಯನ್ನು ಬಾಣದ ಹಾಗೆ ಹೊರಗೆ ಎಸೆಯುತ್ತದೆ.

ತುದಿ ಹೇಳುವುದು ಬೇರೆ ಸಂಗತಿ. ನಾಲ್ಕು ಮೂಲೆಯ ನಕ್ಷತ್ರದ, ಅಂದರೆ ಫಿಲಿಪ್ಸ್ ತುದಿ 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಹೆನ್ರಿ ಫಿಲಿಪ್ಸ್ ಅವರ ಪೇಟೆಂಟ್ ಬಂದದ್ದು 1936ರಲ್ಲಿ. ಅಗಲ ತುದಿ, ಎರಡೂ ಮುಖ ಸಮಾನಾಂತರವಾಗಿ ತೆಳುವಾಗಿ ಅರೆದಿದ್ದು, ಹಿಡಿ ಪೇರಲಕಾಯಿ ಆಕಾರದಲ್ಲಿದ್ದರೆ ಅದು ಕೋವಿಯ ತಿರುಪುಳಿ, ಅಂದರೆ ಕೋವಿಯ ಸ್ಕ್ರೂ ಬಿಚ್ಚುವ ಸ್ಕ್ರೂಡ್ರೈವರ್. ಕೋವಿಯ ಸ್ಕ್ರೂಗಳ ಗೀರು ಬಹಳ ಸಣ್ಣದು, ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದರೆ ಅದರ ಬಾಯಿ ಹರಿದುಹೋಗುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಹೊಲಿಗೆ ಮೆಷಿನ್ನಿನ ಜೊತೆ ಬಂದ ಪುಟ್ಟ ಉಕ್ಕಿನ ಪಟ್ಟಿಯಂಥದ್ದೂ ಸಿಕ್ಕೀತು. ಅದನ್ನು ಚಮಚ ಅಂದುಕೊಂಡು ಬಿಸಾಡಬೇಡಿ.

ಕಾಲ ಹೇಳುವ ಬರಹಗಳಿಗೆ ಬರೋಣ. ಅಮೆರಿಕದ ಪೇಟೆಂಟ್ ಸಂಖ್ಯೆ ಇದ್ದರೆ ಲೆಕ್ಕ ಸುಲಭ: 10 ಲಕ್ಷ ತಲುಪಿದ್ದು 1911ರಲ್ಲಿ, 20 ಲಕ್ಷ 1935ರಲ್ಲಿ, 30 ಲಕ್ಷ 1961ರಲ್ಲಿ. ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು. ಸ್ಟಾನ್ಲಿಯ ಅಚ್ಚಿನಲ್ಲಿ ಹೃದಯದ ಒಳಗೆ ಎರಡು ಅಕ್ಷರ ಕಂಡರೆ ಸುಮಾರು 1920ರಿಂದ 1935ರ ಒಳಗಿನದು. ಇಂಗ್ಲೆಂಡಿನ ಶೆಫೀಲ್ಡಿನ ಮಾರ್ಪಲ್ಸ್ ಕಂಪನಿಯ ಗುರುತು ಮೂರೆಲೆಯ ಶ್ಯಾಮ್‌ರಾಕ್. ಪಶ್ಚಿಮ ಜರ್ಮನಿ ಅಂತ ಬರೆದಿದ್ದರೆ 1949 ಮತ್ತು 1990ರ ನಡುವೆ. ನಮ್ಮ ಐಎಸ್‌ಐ ಗುರುತು 1955ರ ನಂತರದ್ದು. ರೈಲ್ವೆ ಅಚ್ಚು ಇದ್ದರೆ ಎಚ್ಚರದಿಂದ ಓದಿ: ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಅನ್ನುವ ಹೆಸರು ಇದ್ದದ್ದು 1908ರಿಂದ 1951ರವರೆಗೆ. ಆದರೆ ಅದು ಮಾಲೀಕರ ಗುರುತು, ತಯಾರಕರದಲ್ಲ. ಚಿಕ್ಕ ಪಂಚ್‌ನಲ್ಲಿ ಹೊಡೆದ ಒಂಟಿ ಅಕ್ಷರಗಳೂ ಹಾಗೆಯೇ, ಯಾರೋ ಮೇಸ್ತ್ರಿ ತಮ್ಮದು ಅಂತ ಗುರುತಿಗೆ ಹಾಕಿಕೊಂಡದ್ದು.

ಕಂಬಿಯ ಮೇಲೆ ಅಲ್ಲಲ್ಲಿ ತಾಮ್ರದ ಕೆಂಪು ಕಂಡರೆ ಅದು ತಾಮ್ರದ ಲೇಪನದ ವಿಶೇಷ ಉಪಕರಣ ಅಂತ ಯಾರಾದರೂ ಹೇಳಿಯಾರು, ನಂಬಬೇಡಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪಿನ ರಿಪೇರಿಗೆ ಬಳಸಿದ್ದು ಅಷ್ಟೇ. ಸುಣ್ಣ ಸಾಕಾಗಿದೆಯೋ ನೋಡಲು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣಕ್ಕೆ ಚಾಕು ಅದ್ದುತ್ತಾರಲ್ಲ, ಸುಣ್ಣ ಕಡಿಮೆಯಾದರೆ ಚಾಕು ಕೆಂಪಾಗುತ್ತದೆ. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂರುವ ಅದೇ ಲೆಕ್ಕ ಇಲ್ಲೂ. ಆ ಜಾಗದಲ್ಲಿ ಅಡಿಯ ಕಬ್ಬಿಣ ಬೇಗ ತಿಂದುಹೋಗಿರುತ್ತದೆ, ಹಾಗಾಗಿ ಅದನ್ನೇ ಮೊದಲು ಸ್ವಚ್ಛ ಮಾಡಿ.

ಓದಿದ್ದಾಯಿತು, ಫೋಟೋ ತೆಗೆದದ್ದಾಯಿತು ಅಂದ ಮೇಲೆ ತುಕ್ಕಿಗೆ ಕೈಹಾಕಿ. ಸಣ್ಣ ತುಕ್ಕಿಗೆ ಹೊಲಿಗೆ ಮೆಷಿನ್ ಎಣ್ಣೆ, ತೆಳು ಉಕ್ಕಿನ ನೂಲು (ಸ್ಟೀಲ್ ವೂಲ್) ಸಾಕು. ಗಟ್ಟಿ ತುಕ್ಕಿಗೆ ಬಿಳಿ ವಿನೆಗರ್, ಕಂಬಿ ಮಾತ್ರ ಮುಳುಗುವಂತೆ ತೂಗುಹಾಕಿ, ಎರಡು ಗಂಟೆಗೊಮ್ಮೆ ತೆಗೆದು ನೋಡಿ, ರಾತ್ರಿಯಿಡೀ ಬಿಟ್ಟರೆ ಒಳ್ಳೆ ಉಕ್ಕಿಗೂ ಗುಳಿ ಬೀಳುತ್ತದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಬಿಸಿಲಿಗೆ ಒಣಗಿಸಿ, ಎಣ್ಣೆ ಹಚ್ಚಿ. ಈ ಕೆಲಸ ಆಷಾಢದಲ್ಲಿ ಬೇಡ, ನೀರಿನಿಂದ ತೆಗೆದ ಹತ್ತು ನಿಮಿಷಕ್ಕೆ ಮತ್ತೆ ಕೆಂಪಾಗುತ್ತದೆ.

ಕರೆಂಟಿನಿಂದ ತುಕ್ಕು ಬಿಡಿಸುವುದಾದರೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರಿನ ಮೈನಸ್ ಸ್ಕ್ರೂಡ್ರೈವರಿಗೆ, ಪ್ಲಸ್ ಹಳೇ ಕಬ್ಬಿಣದ ತುಂಡಿಗೆ. ಪ್ಲಸ್ ಕಡೆಗೆ ಸ್ಟೀಲ್ ಲೋಟ, ಚಮಚ ಕಟ್ಟಬೇಡಿ, ನೀರಿಗೆ ಕ್ರೋಮಿಯಂ ವಿಷ ಇಳಿಯುತ್ತದೆ. ಹೊಸ ಚಾರ್ಜರುಗಳು ಎದುರಿಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಬಿಡುವುದಿಲ್ಲ, ಹಳೇ ಮಾದರಿಯದು ಹುಡುಕಿ. ಹೈಡ್ರೋಜನ್ ಗಾಳಿ ಬರುವುದರಿಂದ ಜಗಲಿಯಲ್ಲೇ ಮಾಡಿ.

ಸವೆದ ತುದಿಯನ್ನು ಗ್ರೈಂಡರಿಗೆ ಕೊಡಬೇಡಿ. ಬಿಸಿಯಲ್ಲಿ ಬಣ್ಣ ನೀಲಿ ದಾಟಿ ಬೂದಿಗೆ ಹೋಯಿತೆಂದರೆ ಉಕ್ಕಿನ ಹದ ಹೋಯಿತು, ಮುಂದೆ ಒತ್ತಿದಾಗ ತುದಿ ಸುರುಳಿ ಸುತ್ತುತ್ತದೆ. ಅರದಲ್ಲಿ ನಿಧಾನ ಸರಿಮಾಡಿ, ಇಲ್ಲವೇ ಹಾಗೇ ಬಿಡಿ.

ಹನ್ನೆರಡರಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಿಡಿಯವು ಇದ್ದರೆ ಮೂಸಿ ನೋಡಿ. ವಿನೆಗರಿನ ವಾಸನೆ ಬಂದರೆ ಅದು ಸೆಲ್ಯುಲೋಸ್ ಅಸಿಟೇಟ್, ಒಳಗಿನಿಂದ ಕೊಳೆಯುತ್ತಿದೆ. ಮೇಲಿನ ಬಿಳಿ ಪುಡಿ ಸೋಪು ನೀರಿನಲ್ಲಿ ಹೋಗುತ್ತದೆ, ವಾಸನೆ ಹೋಗದು. ಆ ಆವಿ ಪಕ್ಕದ ಕಂಬಿಗಳನ್ನೂ ತುಕ್ಕು ಹಿಡಿಸುತ್ತದೆ, ಮುಚ್ಚಿದ ಡಬ್ಬದಲ್ಲಿ ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ. ಅವನ್ನು ಬೇರೆ ಇಡಿ, ಗಾಳಿ ಆಡುವ ಕಡೆ. ಹಳೇ ಲೈನ್ ಟೆಸ್ಟರ್ ಸಿಕ್ಕಿದ್ದರೆ ಅದನ್ನು ಕರೆಂಟಿಗೆ ಹಿಡಿಯಬೇಡಿ, ಒಳಗಿನ ರೆಸಿಸ್ಟರ್ ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಮುಂದೆ ಸಂಗ್ರಹ ಬೆಳೆಸುವ ಆಸೆ ಇದ್ದರೆ ಶಿವಮೊಗ್ಗ, ಭದ್ರಾವತಿಯ ಗುಜರಿ ಅಂಗಡಿಗಳಲ್ಲಿ ತೂಕಕ್ಕೆ ಹೋಗುವ ರಾಶಿಯನ್ನು ನೋಡಿ. ಕೊಳ್ಳುವ ಮೊದಲು ಹಿಡಿ ಬಿಗಿಹಿಡಿದು ಕಂಬಿ ತಿರುಚಿ ನೋಡಿ, ಸುತ್ತಿದರೆ ಬಿಡಿ. ಕಂಬಿ ಸೊಟ್ಟಗಿದ್ದರೂ ಬಿಡಿ, ಅದನ್ನು ಯಾರೋ ಮೀಟುಗೋಲಾಗಿ ಬಳಸಿದ್ದಾರೆ. ಒಣಗಿದ ಮರದ ಹಿಡಿಗೆ ಅಗಸೆ ಎಣ್ಣೆ ತೆಳುವಾಗಿ ಎರಡು ಸಲ ಸಾಕು, ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಹಾಕಿ.