ಚಿಕ್ಕ ಟೇಬಲ್ ಸಾ ಮೇಲೆ ಎಂಟು ಅಡಿಯ ಪ್ಲೈವುಡ್ ಶೀಟ್ ಕೊಯ್ಯಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಚಿತ್ರದುರ್ಗದಲ್ಲಿ ಮನೆಯ ಹಿಂದೆ 10×12 ಅಡಿಯ ಶೆಡ್ ಇದೆ, ಹತ್ತು ಇಂಚಿನ ಬ್ಲೇಡು ಮೇಜಿನ ಸೀಳಿನಿಂದ ಮೇಲೆ ಚಾಚಿರುವ ಚಿಕ್ಕ ಟೇಬಲ್ ಸಾ ಇದೆ, ಬಟ್ಟೆ ಬೀರು ಮಾಡಬೇಕಾಗಿದೆ. 8×4 ಅಡಿಯ 18 ಮಿ.ಮೀ. ಪ್ಲೈವುಡ್ ಶೀಟನ್ನು ಒಬ್ಬರೇ ಅದರ ಮೇಲೆ ಕೊಯ್ಯಬಹುದೇ, ಹಲಗೆಗೆ ಆಸರೆ ಕೊಡುವ ಎರಡು ರೋಲರ್ ಸ್ಟ್ಯಾಂಡ್ ತಂದರೆ ಸಾಕೇ?

ಇಡೀ ಶೀಟನ್ನು ಅದರ ಮೇಲೆ ಏರಿಸಲೇಬೇಡಿ. ನಾನು ದಾವಣಗೆರೆಯಲ್ಲಿ ಬಡಗಿ ಕೆಲಸ ಮಾಡುತ್ತೇನೆ. ನನ್ನ ಅಂಗಡಿ ನಿಮ್ಮ ಶೆಡ್ಡಿಗಿಂತ ಎರಡು ಅಡಿ ಉದ್ದವಿದೆ, ಅಷ್ಟೇ. ಬೀರು, ಅಡುಗೆಮನೆಯ ಕಪಾಟು, ಮಂಚ ಎಲ್ಲವನ್ನೂ ಇಲ್ಲೇ ಮಾಡುತ್ತೇನೆ, ಆದರೆ ಪೂರ್ತಿ ಶೀಟು ನನ್ನ ಟೇಬಲ್ ಸಾ ಹತ್ತುವುದಿಲ್ಲ.

ಮೊದಲು ಜಾಗದ ಲೆಕ್ಕ ಹಾಕಿ. ಉದ್ದಕ್ಕೆ ಸೀಳಬೇಕಾದರೆ ಎಂಟು ಅಡಿ ಬ್ಲೇಡಿನ ಈಚೆ ಬೇಕು, ಕೊಯ್ದು ಮುಗಿಯುವಾಗ ಎಂಟು ಅಡಿ ಆಚೆ ಬೇಕು. ಶೀಟಿಗೇ ಹದಿನಾರು ಅಡಿ ಹೋಯಿತು, ನೀವು ನಿಲ್ಲುವ ಜಾಗ ಬೇರೆ. ಇನ್ನು ತೂಕ. 18 ಮಿ.ಮೀ. ಪ್ಲೈವುಡ್ ಶೀಟು ಸುಮಾರು 30ರಿಂದ 35 ಕಿಲೋ ತೂಗುತ್ತದೆ, ಎಂ.ಡಿ.ಎಫ್. ಆದರೆ 40ರ ಹತ್ತಿರ. ಚಿಕ್ಕ ಟೇಬಲ್ಲಿನ ಮೇಲೆ ಅದರ ಬಹುಪಾಲು ಗಾಳಿಯಲ್ಲೇ ತೂಗಾಡುತ್ತದೆ. ತೂಗುವ ಭಾಗ ಬಾಗಿ, ಹಲಗೆ ನೇರವಾಗಿ ಸಾಗಲೆಂದು ಬ್ಲೇಡಿನ ಪಕ್ಕದಲ್ಲಿ ಕೂರಿಸಿದ ಪಟ್ಟಿಯಾದ ಫೆನ್ಸಿನಿಂದ ಶೀಟು ಕೂದಲೆಳೆಯಷ್ಟು ಸರಿದರೂ ಬ್ಲೇಡಿನ ಹಿಂಬದಿಯ ಹಲ್ಲು ಅದನ್ನು ಹಿಡಿದು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ನಿಮಿಷಕ್ಕೆ 4,800 ಸುತ್ತು ತಿರುಗುವ ಹತ್ತು ಇಂಚಿನ ಬ್ಲೇಡಿನ ಅಂಚು ಗಂಟೆಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ಒದೆತವನ್ನು ತೋಳಿನ ಬಲದಿಂದ ತಡೆಯಲು ಯಾರಿಂದಲೂ ಆಗದು.

ಆ ಪೆಟ್ಟು ನಾನು ತಿಂದಿದ್ದೇನೆ. ಐದು ಅಡಿಯ ತುಂಡು, ಆಚೆ ಬದಿಯಲ್ಲಿ ಒಂದೇ ಒಂದು ರೋಲರ್ ಸ್ಟ್ಯಾಂಡ್. ಸ್ಟ್ಯಾಂಡು ಸ್ವಲ್ಪ ಓರೆಯಾಗಿ ನಿಂತಿತ್ತು, ರೋಲರ್ ತುಂಡನ್ನು ಪಕ್ಕಕ್ಕೆ ಎಳೆಯಿತು. ಮೋಟಾರಿನ ದನಿ ಕುಗ್ಗಿತು, ಅಂಟು ಸುಟ್ಟ ವಾಸನೆ ಮೂಗಿಗೆ ಬಂತು, ಮರುಕ್ಷಣ ಸೊಂಟಕ್ಕೆ ಬಡಿಯಿತು. ಹದಿನೈದು ದಿನ ನೆಟ್ಟಗೆ ಕೂರಲು ಆಗಲಿಲ್ಲ. ಆ ತುಂಡಿನ ಅಡಿಭಾಗದಲ್ಲಿ ಬ್ಲೇಡು ಬರೆದ ಕಪ್ಪು ಕಮಾನು ಇನ್ನೂ ಇದೆ. ಅದನ್ನು ಗೋಡೆಗೆ ನೇತುಹಾಕಿದ್ದೇನೆ, ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ದಿನ ಅದನ್ನೇ ತೋರಿಸುತ್ತೇನೆ. ಸ್ಟ್ಯಾಂಡಿಗೆ ಹಾಕುವ ದುಡ್ಡನ್ನು ಕೈಯಲ್ಲಿ ಹಿಡಿದು ಕೊಯ್ಯುವ ಸರ್ಕ್ಯುಲರ್ ಸಾಗೆ ಹಾಕಿ.

ಶೀಟನ್ನು ನೆಲದ ಮೇಲೆಯೇ ಮಲಗಿಸಿ. ಶೀಟಿನ ಕೆಳಗೆ ನಾಲ್ಕು ರೀಪರ್ (ಮರದ ಪಟ್ಟಿ) ಇರಲಿ, ಕೊಯ್ಯುವ ಗೆರೆಯ ಈ ಬದಿಗೆ ಎರಡು, ಆ ಬದಿಗೆ ಎರಡು. ಆಗ ಕೊಯ್ದು ಮುಗಿದ ಮೇಲೂ ಎರಡೂ ಭಾಗ ಇದ್ದಲ್ಲೇ ಇರುತ್ತವೆ, ಬ್ಲೇಡನ್ನು ಹಿಸುಕುವುದಿಲ್ಲ. ಬ್ಲೇಡು ಹಲಗೆಯಿಂದ ಕೆಳಗೆ ಐದಾರು ಮಿ.ಮೀ. ಮಾತ್ರ ಇಣುಕಬೇಕು. ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮುಖದಲ್ಲಿ, ಹಾಗಾಗಿ ಚೆಂದದ ಮುಖ ಕೆಳಗಿರಲಿ. ಟೇಬಲ್ ಸಾದಲ್ಲಿ ಇದು ತಿರುವುಮುರುವು. ಯಂತ್ರದ ಜೊತೆ ಬರುವ 24 ಹಲ್ಲಿನ ಬ್ಲೇಡು ಪ್ಲೈವುಡ್ಡಿಗೆ ಒರಟು, 40 ಹಲ್ಲಿನದು ತನ್ನಿ.

ನೇರ ಕೊಯ್ಲಿಗೆ ಗೈಡ್ ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಇಡೀ ಕೆಲಸದ ಜೀವ ಇದರಲ್ಲೇ ಇದೆ. ಎಂಟು ಅಡಿ ಉದ್ದ, ಒಂದು ಅಡಿ ಅಗಲದ 6 ಮಿ.ಮೀ. ಪ್ಲೈ ತೆಗೆದುಕೊಳ್ಳಿ. ಅದರ ಒಂದು ಬದಿಗೆ ನಾಲ್ಕು ಇಂಚು ಅಗಲದ 18 ಮಿ.ಮೀ. ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಿ. ಕಾರ್ಖಾನೆಯಲ್ಲಿ ಕೊಯ್ದ ನೇರ ಅಂಚು ಒಳಮುಖವಾಗಿರಲಿ. ಒಣಗಿದ ಮೇಲೆ ಆ ಅಂಚಿಗೆ ಯಂತ್ರದ ತಳವನ್ನು ಒತ್ತಿ ಹಿಡಿದು ಉದ್ದಕ್ಕೂ ಒಮ್ಮೆ ಓಡಿಸಿ. ಹೆಚ್ಚುವರಿ ಪ್ಲೈ ಕತ್ತರಿಸಿ ಬೀಳುತ್ತದೆ. ಉಳಿದ ಅಂಚೇ ನಿಮ್ಮ ಬ್ಲೇಡು ಹಾದುಹೋಗುವ ಗೆರೆ. ಇನ್ನು ಮೇಲೆ ಆ ಅಂಚನ್ನು ಪೆನ್ಸಿಲ್ ಗುರುತಿಗೆ ಕೂರಿಸಿ, ಎರಡು ತುದಿಗೂ ಕ್ಲ್ಯಾಂಪ್ ಹಾಕಿ ಕೊಯ್ದರೆ ಆಯಿತು. ಪಟ್ಟಿ ಸದಾ ನಿಮಗೆ ಬೇಕಾದ ಭಾಗದ ಮೇಲೆ ಇರಬೇಕು. ಬೇರೆ ದಪ್ಪದ ಬ್ಲೇಡು ಹಾಕಿದರೆ ಈ ಅಂಚು ಸುಳ್ಳು ಹೇಳುತ್ತದೆ. ಅಡ್ಡ ಕೊಯ್ಲಿಗೆ ಐದು ಅಡಿಯ ಇನ್ನೊಂದು ಪಟ್ಟಿ ಮಾಡಿಟ್ಟುಕೊಳ್ಳಿ.

ಅಳತೆ ಹಾಕುವಾಗ ಬ್ಲೇಡು ತಿನ್ನುವುದನ್ನು ಮರೆಯಬೇಡಿ. ಶೀಟಿನ ಅಗಲ 1220 ಮಿ.ಮೀ., ಬ್ಲೇಡು 3 ಮಿ.ಮೀ. ತಿಂದರೆ ಎರಡು ಪಾಲು ತಲಾ 608.5 ಆಗುತ್ತವೆ, 610 ಅಲ್ಲ. ಬೀರುವಿನ ಆಳವನ್ನು 600ಕ್ಕೇ ಇಟ್ಟುಕೊಂಡರೆ ಅಂಚು ಸರಿಮಾಡಲು ಸ್ವಲ್ಪ ಉಳಿಯುತ್ತದೆ. ಏಳು ಅಡಿಯ ಪಕ್ಕದ ಹಲಗೆಗಳನ್ನು ಗೈಡ್ ಪಟ್ಟಿಯಲ್ಲೇ ಪೂರ್ತಿ ಮುಗಿಸಿ. ಬೀರುವಿನ ಒಳಗಿನ ಅರೆ, ಡ್ರಾಯರ್ ತುಂಡುಗಳನ್ನು ಐದಾರು ಮಿ.ಮೀ. ದೊಡ್ಡದಾಗಿ ಕೊಯ್ದುಕೊಂಡು ಟೇಬಲ್ ಸಾಗೆ ತನ್ನಿ, ಆ ಯಂತ್ರ ಹೇಳಿ ಮಾಡಿಸಿದ್ದೇ ಇಂಥ ತುಂಡುಗಳಿಗೆ. ಫೆನ್ಸಿಗೆ ತಾಗುವ ಅಂಚು ಫೆನ್ಸಿನಿಂದ ಬ್ಲೇಡಿಗಿರುವ ದೂರಕ್ಕಿಂತ ಉದ್ದವಿರಬೇಕು, ಇಲ್ಲವಾದರೆ ತುಂಡು ತಿರುಗಿಬಿಡುತ್ತದೆ. ಬ್ಲೇಡಿನ ಹಿಂದೆ ನಿಂತಿರುವ ತೆಳುವಾದ ಉಕ್ಕಿನ ಪಟ್ಟಿಯನ್ನು, ಅಡ್ಡಬರುತ್ತದೆಂದು ಕೆಲವರು ಬಿಚ್ಚಿಡುವ ಆ ರೈವಿಂಗ್ ನೈಫನ್ನು, ದಯವಿಟ್ಟು ಬಿಚ್ಚಬೇಡಿ.

ಶೀಟನ್ನು ಅಂಗಳದಲ್ಲಿ ಕೊಯ್ಯುವುದಾದರೆ ನಿಮ್ಮೂರಿನ ಆಷಾಢದ ಗಾಳಿಯನ್ನು ನೋಡಿಕೊಳ್ಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಅದು, ಶೀಟು ಎತ್ತಿಕೊಂಡು ನಡೆಯುವವರನ್ನು ಹಾಯಿಯಂತೆ ತಳ್ಳುತ್ತದೆ. ಅಂಚನ್ನು ಗಾಳಿಗೆ ಎದುರಾಗಿ ಹಿಡಿಯಿರಿ. ಪ್ಲೈವುಡ್ ಅಂಗಡಿಯಲ್ಲಿ ಕಟಿಂಗ್ ಮೆಷಿನ್ ಇದ್ದರೆ ಅಲ್ಲೇ ಉದ್ದಕ್ಕೆ ಎರಡಾಗಿ ಸೀಳಿಸಿಕೊಂಡು ಬನ್ನಿ. ಲಗೇಜ್ ಆಟೋಗೆ ಹಾಕುವುದೂ ಸುಲಭ, ನಿಮ್ಮ ಬೆನ್ನಿಗೂ ಒಳ್ಳೆಯದು.

ಕೊಯ್ಯುತ್ತಿರುವಾಗ ಕರೆಂಟು ಹೋದರೆ ಹಲಗೆ ಎಳೆಯಲು ಹೋಗಬೇಡಿ, ಮೊದಲು ಸ್ವಿಚ್ ಆರಿಸಿ. ಹಲವು ಚಿಕ್ಕ ಯಂತ್ರಗಳು ಕರೆಂಟು ಬಂದ ಕೂಡಲೇ ತಾವಾಗಿಯೇ ತಿರುಗತೊಡಗುತ್ತವೆ, ಅಷ್ಟರಲ್ಲಿ ನಿಮ್ಮ ಕೈ ಬ್ಲೇಡಿನ ಪಕ್ಕದಲ್ಲಿರುತ್ತದೆ.