ಹಾಸಿಗೆ ಇದ್ದಷ್ಟು ನಡಿಗೆ

ಫ್ರಾನ್ಸಿನ ಹಳೆಯ ಯಾತ್ರಾಮಾರ್ಗ ಜಿ.ಆರ್. 65ರಲ್ಲಿ (ಜಿ.ಆರ್. ಎಂದರೆ ಅಲ್ಲಿನ ದೂರನಡಿಗೆಯ ಹಾದಿ) ಲ ಪ್ವೀಯಿಂದ ಕಾಂಕ್‌ವರೆಗೆ ನಡೆಯಬೇಕೆಂದಿರುವ ಓದುಗರ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಬೆಟ್ಟ, ಕೆರೆ, ನದಿ, ಮಧ್ಯಯುಗದ ಊರುಗಳು ಎಲ್ಲವೂ ಈ ತುಂಡಿನ ಆಸುಪಾಸಿನಲ್ಲೇ ಸಿಗುತ್ತವೆ.

ನಾವು ಐವತ್ತು ದಾಟಿದ ನಾಲ್ವರು. ಕುಮಾರಪರ್ವತ ಹತ್ತಿದ್ದೇವೆ. ಈ ಹಾದಿ ಅದಕ್ಕಿಂತ ಕಷ್ಟವೇ? ಎಷ್ಟು ದಿನ ಬೇಕು? (ಶಿವಮೊಗ್ಗ)

ಕುಮಾರಪರ್ವತ ಒಂದೆರಡು ದಿನದ ಏಟು. ಇಳಿದ ಮೇಲೆ ಮನೆಯಲ್ಲಿ ಕಾಲು ಚಾಚಬಹುದು. ಇಲ್ಲಿ ಏರು ಅಷ್ಟಿಲ್ಲ, ಆದರೆ ನಿನ್ನೆ ನಡೆದ ಕಾಲಿನಲ್ಲೇ ಇವತ್ತೂ ನಡೆಯಬೇಕು, ನಾಳೆಯೂ. ತರಬೇತಿಯೂ ಹಾಗೇ ಇರಲಿ: ಹೊರಡುವ ಮುಂಚಿನ ಎರಡು ತಿಂಗಳಲ್ಲಿ ಕನಿಷ್ಠ ನಾಲ್ಕು ಸಲ, ಬೆನ್ನಿಗೆ ಚೀಲ ಹಾಕಿಕೊಂಡು ಸತತ ಮೂರು ದಿನ 15ರಿಂದ 18 ಕಿ.ಮೀ. ನಡೆಯಿರಿ. ಮೂರನೆಯ ದಿನ ಎಲ್ಲಿ ನೋಯುತ್ತದೋ ಅಲ್ಲೇ ಫ್ರಾನ್ಸಿನಲ್ಲೂ ನೋಯುತ್ತದೆ.

ಒಟ್ಟು ಸುಮಾರು 200 ಕಿ.ಮೀ. ಗಟ್ಟಿಗರು ಹತ್ತು ದಿನಕ್ಕೆ ಮುಗಿಸುತ್ತಾರೆ, ನೀವು ಹನ್ನೊಂದು ಇಟ್ಟುಕೊಳ್ಳಿ. ಲ ಪ್ವೀಯಿಂದ ಸೇಂ-ಪ್ರಿವಾ 23 ಕಿ.ಮೀ., ಅಲ್ಲಿಂದ ಸೋಗ್ 19, ಸೊವಾಜ್ ತೋಟದ ಮನೆ 19, ಸೇಂ-ಆಲ್ಬಾಂ 13, ಓಮೋಂ 15, ನಾಸ್ಬಿನಾಲ್ 26, ಸೇಂ-ಶೆಲಿ 17, ಎಸ್ಪಾಲಿಯೋಂ 22, ಎಸ್ತೇಂ 11, ಗೋಲಿನ್ಯಾಕ್ 15, ಕಾಂಕ್ 21. ಅಂಕಿಗಳು ಒಂದೆರಡು ಕಿಲೋಮೀಟರ್ ಆಚೀಚೆ ಆಗಬಹುದು. 13 ಮತ್ತು 11 ಕಿ.ಮೀ.ನ ದಿನಗಳನ್ನು ಪಕ್ಕದ ದಿನಕ್ಕೆ ಸೇರಿಸಿ ದಿನ ಉಳಿಸೋಣ ಎನ್ನುವ ಆಸೆ ಬರುತ್ತದೆ. ಬೇಡ. ಮಂಡಿ ಉಸಿರಾಡುವುದು ಆ ದಿನಗಳಲ್ಲೇ.

ಕಾಡುವುದು ಇಳಿಜಾರು. ಎರಡನೆಯ ದಿನ ರೋಶ್‌ಗೂದ್‌ನ ಬಂಡೆಯ ಮೇಲಿನ ಪುಟ್ಟ ಚಾಪೆಲ್ ದಾಟಿದ ಮೇಲೆ ಆಲಿಯೇ ನದಿಯ ಮೋನಿಸ್ತ್ರೋಲ್‌ಗೆ ಕಡಿದಾದ ಇಳಿತ. ಮಳೆ ಬಿದ್ದರೆ ಬೇರು, ಕಲ್ಲು ಎರಡೂ ಜಾರುತ್ತವೆ. ಸೇತುವೆ ದಾಟಿದ ಕೂಡಲೇ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಏಳನೆಯ ದಿನ ಓಬ್ರಾಕ್ ಪ್ರಸ್ಥಭೂಮಿಯ ಅದೇ ಹೆಸರಿನ ಊರಿನಿಂದ ಸೇಂ-ಶೆಲಿಗೆ ಸುಮಾರು 8 ಕಿ.ಮೀ.ನಲ್ಲಿ 500 ಮೀಟರ್ ಇಳಿತ. ಕಾಂಕ್‌ಗೆ ಮುಟ್ಟುವ ಕೊನೆಯ ಎರಡು ಕಿಲೋಮೀಟರ್ ಕಲ್ಲುಕಲ್ಲು ಕೊರಕಲು. ಊರುಗೋಲು ಎರಡಿರಲಿ. ಇಳಿಯುವಾಗ ಅವುಗಳ ಉದ್ದವನ್ನು ಐದು ಸೆಂಟಿಮೀಟರ್ ಹೆಚ್ಚಿಸಿಕೊಳ್ಳಿ, ಹೆಜ್ಜೆ ಗಿಡ್ಡವಿರಲಿ.

ವೀಸಾಕ್ಕೆ ಪ್ರತಿ ರಾತ್ರಿಯ ವಸತಿ ತೋರಿಸಬೇಕಂತೆ. ನಡೆಯುವವರು ಎಲ್ಲಿ ಮಲಗುತ್ತೇವೆಂದು ಮೊದಲೇ ಹೇಳುವುದು ಹೇಗೆ? (ಧಾರವಾಡ)

ಹೇಳಲೇಬೇಕು. ವೀಸಾ ಇಲ್ಲದಿದ್ದರೂ ಹೇಳಬೇಕಾದ್ದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಈ ಹಾದಿಯಲ್ಲಿ ಅಕ್ಷರಶಃ ಪಾಲಿಸಬೇಕು. ಕಿಲೋಮೀಟರ್ ಲೆಕ್ಕ ಆಮೇಲೆ, ಹಾಸಿಗೆ ಎಲ್ಲಿ ಸಿಕ್ಕಿದೆ ಎಂಬುದು ಮೊದಲು.

ದಾರಿಯಲ್ಲಿ ತಂಗುವ ಮನೆಗಳಿಗೆ ‘ಜೀತ್ ದೇತಾಪ್’ ಎನ್ನುತ್ತಾರೆ. ನಾಲ್ಕರಿಂದ ಹತ್ತು ಹನ್ನೆರಡು ಮಂಚಗಳ ಕೋಣೆ, ಎಲ್ಲರಿಗೂ ಒಂದೇ ಬಚ್ಚಲು, ಒಂದೇ ಮೇಜಿನಲ್ಲಿ ರಾತ್ರಿಯೂಟ. ಊಟ, ಮಲಗುವುದು, ಬೆಳಗಿನ ತಿಂಡಿ ಸೇರಿದ ವ್ಯವಸ್ಥೆಗೆ ‘ದೆಮಿ-ಪಾಂಸಿಯೋಂ’ ಎಂದು ಹೆಸರು. ಇಮೇಲ್‌ನಲ್ಲಿ ದಿನಾಂಕ, ಮಂದಿ ಎಷ್ಟು, ಪಾಸ್‌ಪೋರ್ಟಿನಲ್ಲಿರುವ ಹೆಸರುಗಳು ಇಷ್ಟನ್ನು ಬರೆದು ಉತ್ತರ ಕೇಳಿ. ಆ ಉತ್ತರಗಳನ್ನು ದಿನಾಂಕದ ಸರದಿಯಲ್ಲಿ ಜೋಡಿಸಿ, ಮೇಲೊಂದು ಹಾಳೆಯಲ್ಲಿ ದಿನ, ಊರು, ತಂಗುವ ಮನೆ ಎಂದು ಪಟ್ಟಿ ಮಾಡಿ. ಅರ್ಜಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ನಡುವೆ ಒಂದು ರಾತ್ರಿ ಬಿಟ್ಟುಹೋಗಿರುತ್ತದೆ, ಇಲ್ಲವೇ ನಾಲ್ವರ ಬುಕಿಂಗ್ ಒಬ್ಬರ ಹೆಸರಿನಲ್ಲಿ ಮಾತ್ರ ಇರುತ್ತದೆ.

ಷೆಂಗೆನ್ ಅಲ್ಪಾವಧಿ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಉಳಿದಿದೆ ಎನ್ನುವಷ್ಟರಲ್ಲಿ ಹಾಕಿರಲೇಬೇಕು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ. ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚದ್ದು. ಮೇ ಮಧ್ಯದಿಂದ ಜೂನ್ ಕೊನೆ, ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಮೇ 1, ಮೇ 8ರ ರಜೆಗಳು, ಅಸೆನ್ಷನ್ (ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ) ಗುರುವಾರದ ಆಸುಪಾಸಿನಲ್ಲಿ ಫ್ರೆಂಚರೇ ತುಂಬಿರುತ್ತಾರೆ. ಮೇ 25ರ ಹೊತ್ತಿಗೆ ಓಬ್ರಾಕ್‌ನಲ್ಲಿ ದನಗಳಿಗೆ ಹೂವು, ಬಾವುಟ ಕಟ್ಟಿ ಬೇಸಗೆಯ ಹುಲ್ಲುಗಾವಲಿಗೆ ಹೊಡೆಯುವ ಹಬ್ಬ. ನೋಡಲು ಚೆಂದ, ಆದರೆ ಆ ವಾರ ಅಲ್ಲಿ ಮಂಚ ಸಿಗುವುದು ದುಸ್ತರ. ಬುಕ್ ಮಾಡಿ ಹೋಗಲಾಗದಿದ್ದರೆ ಫೋನ್ ಮಾಡಿ ಬಿಡಿಸಿ. ಅಡುಗೆ ತಲೆ ಎಣಿಸಿ ಮಾಡಿರುತ್ತಾರೆ.

ಶುದ್ಧ ಸಸ್ಯಾಹಾರಿಗಳು. ಹೊಟ್ಟೆಗೇನು? (ಉಡುಪಿ)

ಬುಕಿಂಗ್‌ನಲ್ಲೇ ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎಂದು ಬರೆಯಿರಿ: ಮಾಂಸ ಬೇಡ, ಮೀನು ಬೇಡ. ಬರೀ ಸಸ್ಯಾಹಾರಿ ಎಂದರೆ ಮೀನು ತಿನ್ನುತ್ತೀರೆಂದು ತಿಳಿಯುವವರಿದ್ದಾರೆ. ಹಿಂದಿನ ದಿನ ಮತ್ತೊಮ್ಮೆ ಫೋನ್ ಮಾಡಿ ನೆನಪಿಸಿ. ‘ಲಾರ್ದೋಂ’ ಎಂಬ ಪದ ನೆನಪಿಡಿ, ಹಂದಿಮಾಂಸದ ಸಣ್ಣ ತುಂಡುಗಳು. ಲ ಪ್ವೀಯ ಹೆಸರುವಾಸಿ ಹಸಿರು ಮಸೂರ ಬೇಳೆಯಲ್ಲಿ, ಸಲಾಡಿನಲ್ಲಿ, ಸೂಪಿನಲ್ಲಿ ಅದು ಹೇಳದೆ ಕೇಳದೆ ಬಂದಿರುತ್ತದೆ.

ಓಬ್ರಾಕ್ ತಲುಪಿದ ಮೇಲೆ ಆಲಿಗೋ ಸಿಗುತ್ತದೆ. ಒಂದು ಕಿಲೋ ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಸುಮಾರು 400 ಗ್ರಾಂ ‘ತೋಮ್’ ಎಂಬ ಮಾಗದ ಚೀಸ್, ಬೆಣ್ಣೆ, ಕೆನೆ, ಬೆಳ್ಳುಳ್ಳಿ ಸೇರಿಸಿ, ಸಣ್ಣ ಉರಿಯಲ್ಲಿ ಮರದ ಸಟ್ಟುಗದಿಂದ ಮೇಲೆತ್ತಿ ಎತ್ತಿ ತಿರುವುತ್ತಾರೆ. ಸಟ್ಟುಗ ಎತ್ತಿದರೆ ಮಾರುದ್ದ ನೂಲಾಗಿ ಇಳಿಯಬೇಕು. ಪಕ್ಕದಲ್ಲಿ ಸಾಸೇಜ್ ಇಡುವುದು ವಾಡಿಕೆ, ಅದನ್ನು ಬೇಡವೆನ್ನಿ. ಇನ್ನೊಂದು ಮಾತು ಹೇಳಲೇಬೇಕು: ಇಲ್ಲಿನ ಸಾಂಪ್ರದಾಯಿಕ ಚೀಸ್‌ಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು. ಅದು ಆಗದವರಿಗೆ ಬ್ರೆಡ್ಡು, ಹಣ್ಣು, ಒಣಹಣ್ಣು, ಬೇಳೆಯೇ ಗತಿ. ಅಂಥವರು ಅಡುಗೆಮನೆ ಬಳಸಲು ಬಿಡುವ ಜೀತ್ ಹುಡುಕಿ.

ಊರಿನಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪದ ಡಬ್ಬಿ, ಪೇಡ ಬೇಡ. ಐರೋಪ್ಯ ಒಕ್ಕೂಟದೊಳಗೆ ಪ್ರಯಾಣಿಕರು ಹೊರಗಿನ ಹಾಲಿನ ಪದಾರ್ಥ ತರುವಂತಿಲ್ಲ. ಚಟ್ನಿಪುಡಿಯಲ್ಲಿ ತುಪ್ಪ ಕಲಸಿದ್ದರೆ ಅದೂ ಅಷ್ಟೇ.

ಅಂಗಡಿಗಳು ಮಧ್ಯಾಹ್ನ ಎರಡು ತಾಸು ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಹಲವು ಊರುಗಳಲ್ಲಿ ಏನೂ ಸಿಗುವುದಿಲ್ಲ. ಶನಿವಾರವೇ ಎರಡು ಹೊತ್ತಿನದ್ದು ಕೊಂಡಿಡಿ.

ಓಬ್ರಾಕ್‌ನ ಕೆರೆಗಳನ್ನು ನೋಡಲು ಬಳಸಿ ಹೋಗಬೇಕೇ? ಕೆರೆ, ನದಿಗಳಲ್ಲಿ ಈಜಬಹುದೇ? (ಮೈಸೂರು)

ಬಳಸಲೇಬೇಕು. ಕೆರೆಗಳು ಜಿ.ಆರ್. 65ರ ಮೇಲಿಲ್ಲ. ನಾಸ್ಬಿನಾಲ್‌ನಲ್ಲಿ ಎರಡು ರಾತ್ರಿ ಉಳಿದು, ನಡುವಿನ ದಿನ ಖಾಲಿ ಚೀಲದಲ್ಲಿ ಹೊರಡಿ. ಪ್ರಸ್ಥಭೂಮಿಯ ಮೇಲೆ ಸೇಂ-ಆಂದೆಯೋಲ್, ಸಾಲ್ಯಾಂ, ಬೋರ್ನ್, ಸುವೆರೋಲ್ ಎಂಬ ನಾಲ್ಕು ಕೆರೆಗಳಿವೆ. ಹಿಮನದಿಗಳು ಕೆತ್ತಿಹೋದ ತಗ್ಗುಗಳಲ್ಲಿ ನೀರು ನಿಂತು ಆದವು. ನಾಸ್ಬಿನಾಲ್‌ಗೆ ಹತ್ತಿರವಿರುವುದು ಸಾಲ್ಯಾಂ. ಅದರ ಕೆಳಗೆ ಹಳೆಯ ಲಾವಾ ಹಾಸಿನ ಅಂಚಿನಿಂದ ದೆರೋಕ್ ಜಲಪಾತ ಸುಮಾರು 30 ಮೀಟರ್ ಧುಮುಕುತ್ತದೆ. ಇಬ್ಬನಿ ಬಿದ್ದ ಬೆಳಗ್ಗೆ ಅದರ ಬುಡಕ್ಕೆ ಇಳಿಯಬೇಡಿ.

ಸೇಂ-ಆಂದೆಯೋಲ್ ಕೆರೆಗೆ ಹಳೆಯ ಕಥೆಯೊಂದು ಅಂಟಿಕೊಂಡಿದೆ. ಆರನೆಯ ಶತಮಾನದ ಬಿಷಪ್ ಗ್ರೆಗರಿ ಆಫ್ ಟೂರ್ಸ್ ಈ ಸೀಮೆಯ ಕೆರೆಯೊಂದರ ಜಾತ್ರೆಯ ಬಗ್ಗೆ ಬರೆದಿದ್ದಾನೆ. ಜನ ಗಾಡಿ ಕಟ್ಟಿಕೊಂಡು ಬಂದು ಬಟ್ಟೆ, ಉಣ್ಣೆ, ಚೀಸ್, ಜೇನುಮೇಣ, ರೊಟ್ಟಿಗಳನ್ನು ನೀರಿಗೆ ಅರ್ಪಿಸಿ ಮೂರು ದಿನ ಉಂಡು ಕುಡಿಯುತ್ತಿದ್ದರಂತೆ. ಆ ಕೆರೆ ಇದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಕೆರೆಗೆ ಬಾಗಿನ ಬಿಡುವ ನಮಗೆ ಇದರಲ್ಲಿ ಬೆರಗೇನಿಲ್ಲ.

ಈಜಬೇಡಿ. ದಡ ಗಟ್ಟಿನೆಲವಲ್ಲ, ಪಾಚಿ ಕೊಳೆತು ಆದ ಜೌಗು. ಹಸಿರು ಹಾಸಿನಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ. ಕೀಟ ತಿನ್ನುವ ಡ್ರೋಸೆರಾ ಗಿಡ ಬೆಳೆಯುವುದೂ ಅಲ್ಲೇ.

ನದಿಯ ಅಪಾಯ ಬೇರೆ ಬಗೆಯದು. ಲಾಟ್ ನದಿಗೆ, ಎಸ್ಪಾಲಿಯೋಂಗೆ ಮೊದಲು ಸಿಗುವ ಸೇಂ-ಕೋಮ್ ಊರಿನ ಮೇಲುಗಡೆ ಒಂದು, ಎಸ್ತೇಂ ದಾಟಿದ ಮೇಲೆ ಗೋಲಿನ್ಯಾಕ್ ಬಳಿ ಇನ್ನೊಂದು ವಿದ್ಯುತ್ ಅಣೆಕಟ್ಟಿದೆ. ಕರೆಂಟಿನ ಬೇಡಿಕೆ ಏರಿದಾಗ ನೀರು ಬಿಡುತ್ತಾರೆ. ಮಳೆಯಿಲ್ಲದ ಬಿಸಿಲು ದಿನವೂ ಮಟ್ಟ ಹಠಾತ್ತನೆ ಏರಬಹುದು. ನದಿಯ ನಡುವಿನ ಗರಸು ದಿಬ್ಬದ ಮೇಲೆ ಬುತ್ತಿ ಬಿಚ್ಚಬೇಡಿ. ಹಳದಿ ಫಲಕದಲ್ಲಿ ಓಡುತ್ತಿರುವ ಮನುಷ್ಯನ ಚಿತ್ರ ಕಂಡರೆ ಇದೇ ಎಚ್ಚರಿಕೆ.

ದನಗಳ ಬಗ್ಗೆಯೂ ಒಂದು ಮಾತು. ಓಬ್ರಾಕ್ ತಳಿಯವು ಗೋಧಿಬಣ್ಣದ ಮೈ, ಕಾಡಿಗೆ ತೀಡಿದಂಥ ಕಣ್ಣು, ಎತ್ತರದ ಕೊಂಬಿನವು. ಕರು ಇರುವ ಹಸುವಿನಿಂದ 50 ಮೀಟರ್ ದೂರವಿರಿ, ತಾಯಿ ಕರುವಿನ ನಡುವೆ ಹಾಯಬೇಡಿ. ಮುದ್ದಿಸಲು ಹೋಗುವುದು ನಮ್ಮವರ ಚಾಳಿ. ಬೇಲಿಯ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಪ್ಲಾಸ್ಟಿಕ್ ಹಿಡಿಯನ್ನೇ ಹಿಡಿದು ಕೊಂಡಿ ಬಿಚ್ಚಿ, ದಾಟಿ, ಮತ್ತೆ ಸಿಕ್ಕಿಸಿ.

ದಾರಿ ತಪ್ಪುವ ಭಯವಿದೆ. ಗುರುತು ಸಾಕಷ್ಟಿವೆಯೇ? (ಬೆಳಗಾವಿ)

ಬಿಳಿ ಪಟ್ಟಿ ಮೇಲೆ, ಕೆಂಪು ಪಟ್ಟಿ ಕೆಳಗೆ: ಸರಿದಾರಿ. ಕತ್ತರಿಯಂತೆ ಒಂದರ ಮೇಲೊಂದು ಹಾದಿದ್ದರೆ ಆ ಕಡೆ ಹೋಗಬೇಡಿ. ಹಳದಿ-ಕೆಂಪು ಗುರುತು ಆ ಸೀಮೆಯನ್ನು ಸುತ್ತುವ ಬೇರೆ ದಾರಿ, ಬರೀ ಹಳದಿ ಸಣ್ಣ ಸುತ್ತು. ತಪ್ಪುವುದು ಎಲ್ಲಿ ಗೊತ್ತೇ? ಎಲ್ಲ ಜಿ.ಆರ್.ಗಳದ್ದೂ ಒಂದೇ ಬಿಳಿ-ಕೆಂಪು. ಜಿ.ಆರ್. 6 ಈ ಭಾಗದಲ್ಲಿ ಬಂದು ಸೇರುತ್ತದೆ, ಮತ್ತೆ ಅಗಲುತ್ತದೆ. ಕವಲಿನಲ್ಲಿ ಬಣ್ಣ ನೋಡಿದರೆ ಸಾಲದು, ಅಂಕಿ ಓದಬೇಕು. ಹತ್ತು ನಿಮಿಷ ಗುರುತು ಕಾಣದಿದ್ದರೆ ಕೊನೆಯ ಗುರುತಿಗೆ ಹಿಂತಿರುಗಿ. ಅಡ್ಡದಾರಿ ಹುಡುಕಬೇಡಿ.

ನಾಸ್ಬಿನಾಲ್ ಮತ್ತು ಓಬ್ರಾಕ್ ನಡುವೆ ಮರಗಳೇ ಇಲ್ಲ. ಗುರುತು ಕಂಬ, ಕಲ್ಲುಗಳ ಮೇಲೆ. ಮಂಜು ಇಳಿದರೆ ಅವೂ ಕಾಣವು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಯಾತ್ರಿಕರಿಗೆಂದು ಕಟ್ಟಿದ ಛತ್ರದಲ್ಲಿ, ದಾರಿ ತಪ್ಪಿದವರು ಸದ್ದು ಹಿಡಿದು ಬರಲೆಂದು ಗಂಟೆ ಬಾರಿಸುತ್ತಿದ್ದರು. ಈಗ 1:25,000 ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ತುರ್ತಿಗೆ 112.

ಚೀಲದ ತೂಕ ಎಷ್ಟಿರಬೇಕು? (ತುಮಕೂರು)

ನೀರು ಬಿಟ್ಟು 7 ಕಿಲೋ. ಹೊದಿಕೆ ಜೀತ್‌ನಲ್ಲೇ ಇರುತ್ತದೆ, ತೆಳುವಾದ ರೇಷ್ಮೆ ಇಲ್ಲವೇ ಹತ್ತಿಯ ಮಲಗುಚೀಲದ ಒಳಪದರ ಸಾಕು. ಚೀಲವನ್ನೂ ಮುಚ್ಚುವ ಮಳೆ ಪಾಂಚೊ, ಮೂರು ಜೊತೆ ಕಾಲುಚೀಲ. ಶೂ ಅರ್ಧ ಸೈಜ್ ದೊಡ್ಡದಿರಲಿ, ಏಕೆಂದರೆ ಸಂಜೆಗೆ ಪಾದ ಊದುತ್ತದೆ. ಹೊಸ ಶೂ ಬೇಡ. ಪಾದದಲ್ಲಿ ಎಲ್ಲಾದರೂ ಬಿಸಿ ಎನಿಸಿದ ಕೂಡಲೇ ನಿಂತು ಟೇಪ್ ಹಚ್ಚಿ, ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನವಿಲ್ಲ. ತಗಣೆಯ ಕಾಟ ಇರುವುದರಿಂದ ಹಲವು ಕಡೆ ಚೀಲವನ್ನು ಬಾಗಿಲಲ್ಲೇ ಇಡಿಸುತ್ತಾರೆ, ಬೇಸರಿಸಬೇಡಿ. ಕುಡಿಯುವ ನೀರಿಗೆ ‘ಓ ಪೋತಾಬ್ಲ್’ ಫಲಕ ನೋಡಿ, ‘ನೋಂ ಪೋತಾಬ್ಲ್’ ಎಂದಿದ್ದರೆ ಬೇಡ. ಕಾರಂಜಿ ಸಿಗದಿದ್ದರೆ ಊರಿನ ಸ್ಮಶಾನದ ನಲ್ಲಿಯಲ್ಲಿ ತುಂಬಿಕೊಳ್ಳುವುದು ಅಲ್ಲಿ ನಡೆಯುವವರ ರೂಢಿ. ನಮ್ಮವರಿಗೆ ಮನಸ್ಸು ಒಪ್ಪುವುದು ಕಷ್ಟ.

ಬೇಲೂರು, ಹಳೇಬೀಡು ನೋಡಿ ಬೆಳೆದವರು ನಾವು. ಕಾಂಕ್‌ನಲ್ಲಿ ಏನು ನೋಡಬೇಕು? (ಹಾಸನ)

ಸೇಂತ್-ಫ್ವಾ ಚರ್ಚಿನ ಪಶ್ಚಿಮದ ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಫಲಕ. ಬೇಲೂರಿನ ಚೆನ್ನಕೇಶವನಷ್ಟೇ, ಅಂದರೆ ಹನ್ನೆರಡನೆಯ ಶತಮಾನದ ಮೊದಲ ಭಾಗದಷ್ಟೇ ಹಳೆಯದು. ಬೇಲೂರಿನ ನುಣುಪನ್ನು ಇಲ್ಲಿ ಹುಡುಕಬೇಡಿ, ಇದು ಕಥೆ ಹೇಳುವ ಕಲ್ಲು. ಅಂತಿಮ ತೀರ್ಪಿನ ದಿನದ ಚಿತ್ರ, 124 ಆಕೃತಿಗಳು. ನಡುವೆ ಕ್ರಿಸ್ತ, ನಿಮ್ಮ ಎಡಕ್ಕೆ ಸ್ವರ್ಗದ ಸಾಲು ಸಾಲು ಕಮಾನು, ಬಲಕ್ಕೆ ನರಕದ ನೂಕುನುಗ್ಗಲು. ಕ್ರಿಸ್ತನ ಕೆಳಗೆ ತಕ್ಕಡಿ ಹುಡುಕಿ: ಒಂದು ಪಕ್ಕ ದೇವದೂತ, ಇನ್ನೊಂದು ಪಕ್ಕ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಿರುವ ಸೈತಾನ. ತೂಕದಲ್ಲಿ ಮೋಸ! ನರಕದಲ್ಲಿ ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿರುವ ಯೋಧ, ಕೊರಳಿಗೆ ಹಣದ ಚೀಲ ಬಿಗಿದ ಜಿಪುಣ. ಸ್ವರ್ಗದ ಕಡೆ ನೆಲಕ್ಕೆ ಬಾಗಿದ ಪುಟ್ಟ ಫ್ವಾ (ಚರ್ಚಿಗೆ ಹೆಸರು ಕೊಟ್ಟ ಸಂತಳು), ಅವಳತ್ತ ಚಾಚಿದ ದೇವರ ಕೈ, ಹಿಂದೆ ಅವಳು ಬಿಡಿಸಿದ ಸೆರೆಯಾಳುಗಳ ಬೇಡಿಗಳು. ಎಲ್ಲಕ್ಕಿಂತ ಹೊರಗಿನ ಅಂಚಿನಲ್ಲಿ, ಪರದೆಯ ತುದಿ ಹಿಡಿದಂತೆ ಇಣುಕಿ ನೋಡುವ ಪುಟ್ಟ ಮುಖಗಳಿವೆ. ಅವು ಕಾಣದೆ ಹಿಂದಿರುಗುವವರೇ ಹೆಚ್ಚು. ದುರ್ಬೀನು ಒಯ್ಯಿರಿ. ಬಾಗಿಲು ಪಶ್ಚಿಮಕ್ಕಿರುವುದರಿಂದ ಇಳಿಹೊತ್ತಿನ ಬಿಸಿಲಿನಲ್ಲಿ ಅಳಿದುಳಿದ ಬಣ್ಣವೂ ಎದ್ದು ಕಾಣುತ್ತದೆ.

ಒಳಗೆ 104 ಕಿಟಕಿಗಳಿಗೆ ಪಿಯೆರ್ ಸುಲಾಜ್ ಮಾಡಿದ ಬಣ್ಣವಿಲ್ಲದ ಗಾಜು, 1994ರದ್ದು. ಕೆಲವರಿಗೆ ಸಪ್ಪೆ ಎನಿಸುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿ, ಗಾಜು ಬೆಳಕಿನೊಡನೆ ಬದಲಾಗುತ್ತದೆ. ಖಜಾನೆಯಲ್ಲಿ ಸಂತ ಫ್ವಾಳ ಚಿನ್ನದ ಹೊದಿಕೆಯ ಪ್ರತಿಮೆಯಿದೆ. ಅವಳ ಅಸ್ಥಿಯನ್ನು 866ರಲ್ಲಿ ಆಜೆಂ ಊರಿನಿಂದ ಕದ್ದು ತಂದದ್ದು, ಕದ್ದವನು ಇಲ್ಲಿನ ಸನ್ಯಾಸಿಯೇ.

ಕಾಂಕ್‌ನಲ್ಲಿ ರೈಲಿಲ್ಲ. ಮರುದಿನ ಶಟಲ್ ಇಲ್ಲವೇ ಹಂಚಿಕೊಂಡ ಟ್ಯಾಕ್ಸಿಯಲ್ಲಿ ರೋದೇಜ್ ತಲುಪಿ, ಅಲ್ಲಿಂದ ಪ್ಯಾರಿಸ್‌ಗೆ ರಾತ್ರಿ ರೈಲು. ಶಟಲ್ ಎಲ್ಲ ದಿನವೂ ಇರುವುದಿಲ್ಲ. ಆ ರಾತ್ರಿಯ ಬರ್ತ್ ಟಿಕೆಟ್ಟನ್ನೂ ವೀಸಾ ಹಾಳೆಯ ಪಟ್ಟಿಗೆ ಸೇರಿಸಿ, ಅದೂ ಒಂದು ಹಾಸಿಗೆಯೇ.